ಪಟ್ಟಿ ಬೇಡ, ಕೈಯಲ್ಲಿರುವ ಪುಸ್ತಕ ಮುಗಿಯಲೇಬೇಕೆಂಬ ಹಟವೂ ಬೇಡ

ಶಾಲೆ ಬಿಟ್ಟ ಮೇಲೆ ಪತ್ತೇದಾರಿ ಕಾದಂಬರಿಗಳನ್ನಲ್ಲದೆ ಬೇರೇನನ್ನೂ ಓದಿಲ್ಲವೆಂದೂ, ಈಗ ಜ್ಞಾನಪೀಠ ಪಡೆದ ಕನ್ನಡದ ಎಂಟು ಲೇಖಕರನ್ನು ಪ್ರಶಸ್ತಿ ಬಂದ ಕ್ರಮದಲ್ಲೇ, ಒಂದನ್ನು ಮುಗಿಸಿದ ಮೇಲೆ ಇನ್ನೊಂದರಂತೆ ಓದಬೇಕೆಂದಿದ್ದೀರೆಂದೂ, ಅದಕ್ಕೆ ಪಟ್ಟಿ ಕೊಡಿ ಎಂದೂ ಕೇಳಿದ್ದೀರಿ. 1995ರಲ್ಲಿ ಅಂಥದ್ದೇ ಪಟ್ಟಿಯನ್ನು ನಾನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿದ್ದೆ. ಆಗ ಅದರಲ್ಲಿ ಆರು ಹೆಸರುಗಳಿದ್ದವು.

ಅರಸೀಕೆರೆ ಕಡೆಯ ನಮ್ಮೂರಿನಲ್ಲಿ ಬೀಡಿ ಅಂಗಡಿಯೊಂದರ ಒಳಕೋಣೆಯೇ ಬಾಡಿಗೆ ಪುಸ್ತಕಗಳ ಜಾಗ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ನಾನು ಓದಿದ್ದು ಅಲ್ಲಿಂದ ತಂದು. 500ಕ್ಕೂ ಹೆಚ್ಚು ಕಾದಂಬರಿ ಬರೆದ ಆ ಮನುಷ್ಯನಿಂದಾಗಿ ಓದು ಕಲಿತವರು ನಮ್ಮೂರಲ್ಲಿ ಹತ್ತಾರು ಜನರಿದ್ದರು. ಅಮ್ಮ ಅದೇ ಅಂಗಡಿಯಿಂದ ತ್ರಿವೇಣಿಯವರ ಪುಸ್ತಕಗಳನ್ನು ತರಿಸಿಕೊಳ್ಳುತ್ತಿದ್ದರು. ಎಷ್ಟೋ ಪುಸ್ತಕಗಳ ಕೊನೆಯ ಹಾಳೆಗಳು ಹರಿದುಹೋಗಿರುತ್ತಿದ್ದುದರಿಂದ, ಮುಂದೇನಾಗಿರಬಹುದೆಂದು ರಾತ್ರಿ ಊಟದ ಹೊತ್ತಿನಲ್ಲಿ ನಾವಿಬ್ಬರೂ ಊಹಿಸುತ್ತಿದ್ದೆವು. ನನ್ನ ಓದು ಶುರುವಾದದ್ದು ಹೀಗೆ.

ಪದವಿಗೆಂದು ಮೈಸೂರಿಗೆ ಹೋದಾಗ, ಏನು ಓದಿದ್ದೀಯೆಂದು ಅಧ್ಯಾಪಕರೊಬ್ಬರು ಕೇಳಿದರು. ಪತ್ತೇದಾರ ಪುರುಷೋತ್ತಮನ ಹೆಸರು ಹೇಳಿದೆ. ತರಗತಿಯೆಲ್ಲ ನಕ್ಕಿತು. ಅಂದು ಸಂಜೆಯೇ ಪಟ್ಟಿ ಸಿದ್ಧವಾಯಿತು. ಮೊದಲ ಹೆಸರು ಕುವೆಂಪು ಅವರದು. ಪ್ರಶಸ್ತಿ ಬಂದಿದ್ದು 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯಕ್ಕೆ. ಹಳಗನ್ನಡದ ಛಾಯೆಯ ಆ ಭಾಷೆಗೆ ಹೆದರಿ, ಅದರ ಬದಲು 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಹಿಡಿದೆ. ಪಟ್ಟಿಯ ಕೆಳಗೆ ಒಂದು ನಿಯಮವನ್ನೂ ಬರೆದು ಗೆರೆ ಎಳೆದೆ: ಕೈಯಲ್ಲಿರುವುದು ಮುಗಿಯುವವರೆಗೆ ಬೇರೆ ಪುಸ್ತಕ ಮುಟ್ಟಕೂಡದು.

ನಾನು ಮಾಡಿದ ತಪ್ಪು ಆ ನಿಯಮ. ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಅದು ಶಿಸ್ತಿನ ವೇಷದಲ್ಲಿ ಕುಳಿತಿದೆ. ನಾನು ಬಯಲುಸೀಮೆಯವನು. ನಮ್ಮೂರ ಕೆರೆ ತುಂಬುವುದೇ ಅಪರೂಪ. ಆ ಕಾದಂಬರಿಯಲ್ಲೋ ಮಳೆ ಬಿಡುವುದಿಲ್ಲ, ಕಾಡು ಮುಗಿಯುವುದಿಲ್ಲ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದೇ ಒಂದು ಪಯಣ. ನಾಯಿಗುತ್ತಿ, ತಿಮ್ಮಿ, ಐತ, ಪೀಂಚಲು, ಮುಕುಂದಯ್ಯ, ಚಿನ್ನಮ್ಮ ಎಂದು ಜನ ಬರುತ್ತಲೇ ಇರುತ್ತಾರೆ. ಪುರುಷೋತ್ತಮನಂಥ ಒಬ್ಬನೇ ನಾಯಕನ ಹಿಂದೆ ನಡೆದು ಅಭ್ಯಾಸವಾಗಿದ್ದ ನಾನು, ಇಲ್ಲಿ ಯಾರ ಬೆನ್ನು ಹಿಡಿಯಬೇಕೆಂದು ತಿಳಿಯದೆ, ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳತೊಡಗಿದೆ. ಓದುವುದು ನಿಂತು ಬರೆದುಕೊಳ್ಳುವುದೇ ಕೆಲಸವಾಯಿತು. ಎರಡು ದಿನ ಬಿಟ್ಟು ತೆರೆದರೆ ಎಲ್ಲಿದ್ದೆನೆಂದು ಮರೆತುಹೋಗಿರುತ್ತಿತ್ತು. ಮತ್ತೆ ಮೊದಲಿನಿಂದ ಓದಬೇಕಾಗುತ್ತಿತ್ತು. ಆ ಹೊತ್ತಿಗೆ ಪುಸ್ತಕವನ್ನು ಪಕ್ಕಕ್ಕಿಟ್ಟು ಇನ್ನೇನನ್ನಾದರೂ ಓದಿದ್ದರೆ ಆರು ತಿಂಗಳಲ್ಲಿ ನಾನೇ ಅದಕ್ಕೆ ಮರಳುತ್ತಿದ್ದೆ ಎಂಬುದು ಈಗ ಗೊತ್ತು. ನಿಯಮ ಅದಕ್ಕೆ ಅವಕಾಶ ಕೊಡಲಿಲ್ಲ. ಆ ಪುಸ್ತಕ ಓದಲಾಗದೆ, ಬೇರೆಯದನ್ನು ಮುಟ್ಟಲಾಗದೆ, ನಾಲ್ಕು ವರ್ಷ ಒಂದೇ ಒಂದು ಕನ್ನಡ ಪುಸ್ತಕವನ್ನೂ ಓದಲಿಲ್ಲ. ಹತ್ತೊಂಬತ್ತರಿಂದ ಇಪ್ಪತ್ತಮೂರರವರೆಗಿನ ವರ್ಷಗಳವು. ಓದಿದ್ದೆಲ್ಲ ಎದೆಗಿಳಿಯುವ ವಯಸ್ಸು.

ನಷ್ಟ ನನ್ನೊಬ್ಬನದೇ ಆಗಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ರಜೆಗೆ ಊರಿಗೆ ಹೋದಾಗಲೆಲ್ಲ ಅಮ್ಮ, "ಯಾವುದಾದರೂ ಪುಸ್ತಕ ತಾರಪ್ಪ, ಇಬ್ಬರೂ ಓದೋಣ" ಎನ್ನುತ್ತಿದ್ದರು. ಒಂದು ಓದುತ್ತಿದ್ದೇನೆ, ಅದು ಮುಗಿಯಲಿ ಎಂದು ನಾನು ಪ್ರತಿ ಸಲ ಹೇಳುತ್ತಿದ್ದೆ. ಕೆಲವು ರಜೆಗಳ ನಂತರ ಅವರು ಕೇಳುವುದನ್ನು ಬಿಟ್ಟರು. ಊಟದ ಹೊತ್ತಿನ ಆ ಮಾತುಕತೆಯೂ ನಿಂತಿತು.

1999ರಲ್ಲಿ ಅಮ್ಮನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಕೆಲವು ವಾರ ಓದಬಾರದೆಂದು ವೈದ್ಯರು ಹೇಳಿದ್ದರು. ಅಮ್ಮನ ದಿಂಬಿನ ಪಕ್ಕದಲ್ಲಿ ಶಾಖಾ ಗ್ರಂಥಾಲಯದ ಮುದ್ರೆಯಿದ್ದ ಪುಸ್ತಕವೊಂದಿತ್ತು: ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ', ಅರ್ಧದಲ್ಲಿ ಕ್ಯಾಲೆಂಡರಿನ ಹಾಳೆ ಮಡಚಿಟ್ಟು ಗುರುತು ಮಾಡಿದ್ದು. "ಆ ಓತಿ ಸಿಗುತ್ತೋ ಇಲ್ಲವೋ ಅಂತ ಅರ್ಧಕ್ಕೆ ನಿಂತಿದೆ, ಅಲ್ಲಿಂದ ಓದು" ಎಂದರು. ಪುಸ್ತಕವನ್ನು ನಡುವಿನಿಂದ ಓದುವುದು ನನ್ನ ಲೆಕ್ಕದಲ್ಲಿ ಅಪರಾಧ. ಆದರೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕುಳಿತ ಅಮ್ಮನಿಗೆ ಇಲ್ಲವೆನ್ನಲಾಗಲಿಲ್ಲ. ಮಂದಣ್ಣ ಯಾರು, ಕರ್ವಾಲೊ ಯಾರು, ಇವರೆಲ್ಲ ಹಾರುವ ಓತಿಯ ಬೆನ್ನು ಬಿದ್ದದ್ದು ಏಕೆ ಎಂಬುದನ್ನು ಅಮ್ಮನೇ ನಡುನಡುವೆ ಹೇಳುತ್ತ ಹೋದರು. ಹತ್ತು ಪುಟ ದಾಟುವುದರೊಳಗೆ ನನ್ನ ಬೆನ್ನು ನೆಟ್ಟಗಾಯಿತು. ಇದೂ ಪತ್ತೇದಾರಿಯೇ ಅಲ್ಲವೇ! ಸುಳಿವುಗಳಿವೆ, ಹುಡುಕಾಟವಿದೆ, ಹುಡುಕುತ್ತಿರುವುದು ಕೊಲೆಗಾರನನ್ನಲ್ಲ, ಕೋಟ್ಯಂತರ ವರ್ಷಗಳ ಜೀವವಿಕಾಸದ ಒಂದು ಕೊಂಡಿಯನ್ನು, ಅಷ್ಟೇ. ಮುಗಿದಾಗ ರಾತ್ರಿ ಹನ್ನೊಂದು ಗಂಟೆ. ಮರುದಿನ ಬೆಳಿಗ್ಗೆ ಮೊದಲ ಪುಟಕ್ಕೆ ಹೋಗಿ, ನಾನು ಓದದೆ ಉಳಿದಿದ್ದ ಅರ್ಧವನ್ನು ಓದಿದೆ.

ಅಲ್ಲಿಂದ ನನ್ನ ಓದು ತಾನಾಗಿಯೇ ದಾರಿ ಹಿಡಿಯಿತು. 'ಕರ್ವಾಲೊ'ದ ಕಾಡು ಹಿಡಿಸಿದ್ದರಿಂದ ಕಾರಂತರ 'ಬೆಟ್ಟದ ಜೀವ'ಕ್ಕೆ ಹೋದೆ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದವನನ್ನು ಮನೆಗೆ ಕರೆದು ಉಣ್ಣಲಿಕ್ಕುವ ಗೋಪಾಲಯ್ಯ ಇಂದಿಗೂ ನನ್ನ ಬಂಧುವಿನಂತೆ. ಕಾಡಿನ ಭಾಷೆ ಕಿವಿಗೆ ಅಷ್ಟು ಹೊಂದಿಕೊಂಡ ಮೇಲೆ 'ಮಲೆಗಳಲ್ಲಿ ಮದುಮಗಳು' ತೆಗೆದೆ. ಹೆಸರು ಬರೆದುಕೊಳ್ಳಲಿಲ್ಲ. ಗುತ್ತಿಯ ನಾಯಿ ಹುಲಿಯನ ಹಿಂದೆ ನಡೆದೆ. ಎರಡು ವಾರದಲ್ಲಿ ಮುಗಿಯಿತು, ಮತ್ತು ತುಂಗಾ ನದಿಯ ಪ್ರವಾಹದ ಭಾಗವನ್ನು ಅಮ್ಮ ನನ್ನಿಂದ ಎರಡು ಸಲ ಓದಿಸಿದರು.

ಆದ್ದರಿಂದ ನೀವು ಕೇಳಿದ ಪಟ್ಟಿಯನ್ನು ನಾನು ಕೊಡುವುದಿಲ್ಲ. ಪ್ರಶಸ್ತಿಯ ಕ್ರಮಕ್ಕೂ ಓದುವ ಕ್ರಮಕ್ಕೂ ಸಂಬಂಧವಿಲ್ಲ. ನಿಮ್ಮ ಎಂಟು ಮಂದಿಯ ಸಾಲಿನಲ್ಲಿ ತೇಜಸ್ವಿ ಇಲ್ಲ, ತ್ರಿವೇಣಿ ಇಲ್ಲ, ಭೈರಪ್ಪ ಇಲ್ಲ, ದೇವನೂರ ಮಹಾದೇವ ಇಲ್ಲ. ಇವರೆಲ್ಲರನ್ನೂ ಹೊರಗೆ ನಿಲ್ಲಿಸುವ ಬಾಗಿಲಿನಿಂದ ಕನ್ನಡದೊಳಗೆ ಹೋಗಬೇಡಿ. ಐವತ್ತು ಪುಟ ಓದಿ, ಒಲಿಯದಿದ್ದರೆ ಮುಚ್ಚಿಡಿ, ಅದು ಸೋಲಲ್ಲ. ನುಡಿಯೇ ಕಷ್ಟವಾದರೆ ಗಟ್ಟಿಯಾಗಿ ಓದಿ. ನಂಜನಗೂಡು ಕಡೆಯ ಆಡುಮಾತಿನಲ್ಲಿರುವ ದೇವನೂರರ 'ಕುಸುಮಬಾಲೆ' ನನಗೆ ಕಣ್ಣಿನಿಂದ ಅರ್ಥವಾಗಲಿಲ್ಲ, ಕಿವಿಯಿಂದ ಆಯಿತು.

ಪತ್ತೇದಾರಿ ಕಾದಂಬರಿಗಳನ್ನು ಓದಿದ್ದಕ್ಕೆ ನಾಚಿಕೆಯೆಂದು ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಮುಂದಿನ ಪುಟಕ್ಕಾಗಿ ಊಟ ಮರೆಯುವುದನ್ನು ನಿಮಗೆ ಕಲಿಸಿದವು ಅವು. ಅವನ್ನು ರದ್ದಿಗೆ ಹಾಕಬೇಡಿ. ಈ ಭಾನುವಾರ ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. ಆಸ್ತಿ ತೆರಿಗೆಯ ಜೊತೆಗೆ ಶೇ. 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿರುವವರು ನಾವೇ, ಸಂಕೋಚ ಬೇಡ. ಕಾದಂಬರಿಗಳ ಕಪಾಟಿನಿಂದ 'ಕರ್ವಾಲೊ' ತೆಗೆದುಕೊಳ್ಳಿ. ಅದು ಸಿಗದಿದ್ದರೆ, ಹೆಚ್ಚು ಜನರ ಕೈಬೆರಳು ತಾಗಿ ಅಂಚು ಸವೆದಿರುವ ಯಾವುದಾದರೂ ಪುಸ್ತಕ ತನ್ನಿ. ಮನೆಯಲ್ಲಿ ತಾಯಿಯೋ ತಂದೆಯೋ ಇದ್ದರೆ ಮೊದಲ ಹತ್ತು ಪುಟಗಳನ್ನು ಅವರಿಗೆ ಕೇಳುವಂತೆ ಓದಿ.