ಬೆಟ್ಟದ ರೈಲು ಬಿಟ್ಟು ಕಾರಿಗೇಕೆ ಜೋತುಬಿದ್ದಿರಿ?

ಪತ್ರ: ದಸರಾ ರಜೆಗೆ ಹಿರಿಯರು, ಮಕ್ಕಳು ಸೇರಿ ಮನೆಯ ಆರು ಮಂದಿ ಕಾರಿನಲ್ಲಿ ಊಟಿಗೆ ಹೋಗಿದ್ದೆವು. ಮೂರು ದಿನದಲ್ಲಿ ಅರ್ಧ ಟ್ರಾಫಿಕ್ಕಿಗೆ, ದೊಡ್ಡಬೆಟ್ಟದ ಕ್ಯೂಗೇ ಹೋಯಿತು. ಇಳಿಯುವಾಗ ಬ್ರೇಕ್ ಸುಟ್ಟ ವಾಸನೆ ಬೇರೆ. ಬಂಡೀಪುರದ ರಾತ್ರಿ ನಿಷೇಧ ತೆಗೆದು ಘಾಟಿ ರಸ್ತೆ ಅಗಲ ಮಾಡಬಾರದೇ?
– ಓದುಗರೊಬ್ಬರು, ಜಯನಗರ

ಸಂಪಾದಕರ ಉತ್ತರ: ವಯಸ್ಸಾದವರು, ಮಕ್ಕಳು ಇರುವ ಮನೆಗೆ ಕಾರು ಅನುಕೂಲ, ಒಪ್ಪೋಣ. ಆದರೆ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ತಡೆದಿರುವುದು ಕಾಡುಪ್ರಾಣಿಗಳು ಚಕ್ರಕ್ಕೆ ಸಿಕ್ಕಿ ಸಾಯುತ್ತಿದ್ದವು ಎಂದು. ನಮ್ಮ ಎರಡು ಗಂಟೆ ಉಳಿಯಲಿ ಅಂತ ಅದನ್ನು ತೆಗೆಯಿರಿ ಎನ್ನುವುದು ಅತಿಯಾಯಿತು. ರಸ್ತೆ ಅಗಲವಾದರೂ ಊಟಿಯೊಳಗೆ ಗಾಡಿ ನಿಲ್ಲಿಸುವುದೆಲ್ಲಿ? 2024ರ ಮೇ ತಿಂಗಳಿಂದ ಊಟಿಗೆ ಹೋಗುವ ಗಾಡಿಗಳಿಗೆ ಇ-ಪಾಸ್ ಬಂದಿದ್ದು ಸುಮ್ಮನೆ ಅಲ್ಲ.

ಬ್ರೇಕ್ ವಾಸನೆಗೆ ಕಾರಣ ರಸ್ತೆಯಲ್ಲ, ಗೇರು. ಹತ್ತಿದ ಗೇರಿನಲ್ಲೇ ಇಳಿಯಬೇಕು. ಪೆಡಲ್ ಒತ್ತಿಕೊಂಡೇ ಬಂದರೆ ಬ್ರೇಕ್ ಆಯಿಲ್ ಕುದಿದು, ಪೆಡಲ್ ಮೆತ್ತಗಾಗಿ ಕೆಳಕ್ಕೆ ಇಳಿದುಬಿಡುತ್ತದೆ.

ಈ ಇಳಿಜಾರಿನ ಭಯವನ್ನು 1899ರಲ್ಲೇ ಊಟಿ ದಾರಿಯ ಕೂನೂರಿಗೆ ಹತ್ತಿದ ನೀಲಗಿರಿ ಬೆಟ್ಟದ ರೈಲಿನವರು ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ನೋಡಿ. ತಪ್ಪಲಿನ ಕಲ್ಲಾರ್ ನಿಲ್ದಾಣ ದಾಟಿದ ಮೇಲೆ 12 ಅಡಿಗೆ ಹೆಚ್ಚುಕಡಿಮೆ ಒಂದಡಿ ಏರು. ಹಳಿಗಳ ನಡುವೆ ಹಲ್ಲುಪಟ್ಟಿ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರುತ್ತದೆ. ಎಂಜಿನ್ ಇರುವುದು ಹಿಂದೆ. ಕೊಂಡಿ ಕಳಚಿದರೂ ಬೋಗಿ ಜಾರದೆ ಎಂಜಿನ್ನಿಗೇ ಒರಗಲಿ ಎಂದು. ಡ್ರೈವರ್‌ಗೆ ಮುಂದಿನ ದಾರಿ ಕಾಣದು, ಹಾಗಾಗಿ ಬೋಗಿಬೋಗಿಗೂ ಒಬ್ಬ ಬ್ರೇಕ್‌ಮನ್. ಮುಂದಿನವನು ಬಾವುಟ ತೋರಿಸಿದರೆ ಉಳಿದವರು ಹಿಂದಕ್ಕೆ ದಾಟಿಸುತ್ತಾರೆ. ಇದು ಹಬೆ ಎಂಜಿನ್. ಹಬೆ ಮೊದಲು ಮಾಮೂಲಿ ಚಕ್ರ ತಿರುಗಿಸುವ ಸಿಲಿಂಡರಿಗೆ, ಅಲ್ಲಿ ದುಡಿದ ಮೇಲೆ ಹಲ್ಲುಚಕ್ರ ತಿರುಗಿಸುವ ಸಿಲಿಂಡರಿಗೆ. ಇದನ್ನೆಲ್ಲ ಮಕ್ಕಳಿಗೆ ತೋರಿಸದೆ ದೊಡ್ಡಬೆಟ್ಟದ ಕ್ಯೂನಲ್ಲಿ ನಿಲ್ಲಿಸಿದ್ದೀರಲ್ಲ!

ಬೆಟ್ಟದ ಬುಡದ ಮೆಟ್ಟುಪಾಳ್ಯದಿಂದ ಬೆಳಿಗ್ಗೆ 7.10ಕ್ಕೆ ಹೊರಟರೆ ಊಟಿ ಮುಟ್ಟಲು ಹತ್ತಿರ ಹತ್ತಿರ ಐದು ಗಂಟೆ, ಅದೂ 46 ಕಿಲೋಮೀಟರಿಗೆ. ನಿಧಾನ ಎಂದು ಮೂಗು ಮುರಿಯಬೇಡಿ. ದಾರಿಯಲ್ಲಿ ಹಿಲ್‌ಗ್ರೋವ್ ನಿಲ್ದಾಣದಲ್ಲಿ ಎಂಜಿನ್ ನೀರು ತುಂಬಿಸಿಕೊಳ್ಳುವಷ್ಟರಲ್ಲಿ ನಿಮ್ಮ ಟೀ ಆಗುತ್ತದೆ. ತಿಂಡಿ ಪೊಟ್ಟಣ ಮಾತ್ರ ಕೋತಿಗೆ ಸಿಗದಂತೆ ಇಟ್ಟುಕೊಳ್ಳಿ. ಕೂನೂರಿನಿಂದ ಮುಂದೆ ಡೀಸೆಲ್ ಎಂಜಿನ್.

ಒಂದು ತೊಡಕಿದೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆಗೆ ಗುಡ್ಡ ಕುಸಿದು ಹಳಿ ಮುಚ್ಚುತ್ತದೆ, ರೈಲು ರದ್ದಾಗುತ್ತದೆ. ನೀವು ಆರಿಸಿಕೊಂಡ ದಸರೆಯೇ ಸರಿಯಾದ ಕಾಲವಲ್ಲ.

ನಮ್ಮ ಬೆಂಗಳೂರಿಗರಿಗೆ ಪ್ರವಾಸ ಎಂದರೆ ನೋಡಿದ ವ್ಯೂ ಪಾಯಿಂಟ್‌ಗಳ ಲೆಕ್ಕ. ಭಾನುವಾರ ನಸುಕಿನಲ್ಲಿ ನಂದಿಬೆಟ್ಟಕ್ಕೆ ಹೊರಟು, ಸೂರ್ಯೋದಯದ ಬದಲು ಮುಂದಿನ ಕಾರಿನ ಕೆಂಪು ದೀಪ ನೋಡಿ ಬರುತ್ತೇವೆ. ಆಮೇಲೆ ರಸ್ತೆ ಸಾಲದು ಎನ್ನುತ್ತೇವೆ. ಊರೊಳಗೆ ಮರ ಕಡಿದು ಅಗಲ ಮಾಡಿದ ಯಾವ ರಸ್ತೆ ಸಾಕಾಗಿದೆ ಹೇಳಿ?

ಸಂಕ್ರಾಂತಿಗೆ ಹೋಗುವುದಾದರೆ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ, ಅಂದರೆ ನವೆಂಬರ್ ನಡುವಿನಲ್ಲಿ. ಅದೇ ಬೆಳಿಗ್ಗೆ ಕುಳಿತುಕೊಳ್ಳಿ. ಪ್ರಯಾಣದ ಹಿಂದಿನ ರಾತ್ರಿ ಮೆಟ್ಟುಪಾಳ್ಯದಲ್ಲೇ ತಂಗಿ. ಸೀಟು ಸಿಗದಿದ್ದರೆ ಕೂನೂರು–ಊಟಿ ನಡುವಿನ 19 ಕಿಲೋಮೀಟರಿಗೆ ದಿನಕ್ಕೆ ಹಲವು ರೈಲುಗಳಿವೆ. ಅಷ್ಟಾದರೂ ಆಗಲಿ.