ಸಂಭಾಷಣೆಯ ಮಾತು, ಕಥೆಯ ತೀರ್ಪು

ಸ್ತ್ರೀ ಸಮಾನತೆಯ ಬಗ್ಗೆ ದೀರ್ಘ ಸಂಭಾಷಣೆಗಳಿರುವ ಚಿತ್ರವೊಂದು ಕೊನೆಯಲ್ಲಿ ನಾಯಕಿಯನ್ನು ನಾಯಕನೇ ಪಾರುಮಾಡುವಂತೆ ತೋರಿಸಿದರೆ ಅದರ ಸಂದೇಶ ಯಾವುದೆಂದು ತಿಳಿಯಬೇಕು ಎಂದು ನಿಮ್ಮ ಪ್ರಬಂಧಕ್ಕಾಗಿ ನೀವು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಸಂಭಾಷಣೆಗಿಂತ ಕಥೆಯ ನಡೆಗೆ ಹೆಚ್ಚು ಮಹತ್ವ ಕೊಡಬೇಕು. ಯಾರ ನಿರ್ಧಾರದಿಂದ ಘಟನೆಗಳು ತಿರುವು ಪಡೆಯುತ್ತವೆ, ಯಾವ ನಡತೆಗೆ ಸುಖಾಂತ್ಯ ದೊರೆಯುತ್ತದೆ, ಯಾವುದಕ್ಕೆ ಶಿಕ್ಷೆಯಾಗುತ್ತದೆ, ನಾಯಕಿ ಮಾತನಾಡುವಾಗ ಕ್ಯಾಮೆರಾ ಅವಳ ಮುಖದ ಮೇಲಿರುತ್ತದೆಯೋ ಅಥವಾ ಕೇಳುತ್ತಿರುವ ನಾಯಕನ ಮೇಲೋ ಎಂಬುದನ್ನು ಒಂದೊಂದೇ ದೃಶ್ಯದಲ್ಲಿ ಗುರುತಿಸಿಕೊಳ್ಳಿ. ಭಾಷಣಕ್ಕೆ ಚಪ್ಪಾಳೆ ಬೀಳಬಹುದು. ಆದರೆ ಪ್ರೇಕ್ಷಕರು ಚಿತ್ರದುದ್ದಕ್ಕೂ ಅನುಭವಿಸುವುದು ಈ ವಿನ್ಯಾಸವನ್ನೇ.

ಇಬ್ಬರು ಸ್ತ್ರೀ ಪಾತ್ರಗಳು ಪುರುಷನನ್ನು ಬಿಟ್ಟು ಬೇರೆ ವಿಷಯವನ್ನು ಪರಸ್ಪರ ಮಾತನಾಡುತ್ತಾರೆಯೇ ಎಂದು ಕೇಳುವ, ಅಮೆರಿಕದ ಕಲಾವಿದೆ ಅಲಿಸನ್ ಬೆಕ್‌ಡೆಲ್ ಅವರ 1985ರ ವ್ಯಂಗ್ಯಚಿತ್ರದಿಂದ ಬಂದ ಪರೀಕ್ಷೆ ಆರಂಭಕ್ಕೆ ಉಪಯುಕ್ತ, ಅಷ್ಟೆ. ಅದಕ್ಕಿಂತ ಫಲಪ್ರದವಾದುದು ಬ್ರಿಟನ್ನಿನ ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲಿ ಟೆಲಿವಿಷನ್ ಕುರಿತು ಮಂಡಿಸಿದ ವಿಚಾರ: ಒಂದೇ ಸಂದೇಶವನ್ನು ನೋಡುಗರು ಪೂರ್ತಿಯಾಗಿ ಒಪ್ಪಬಹುದು, ತಮ್ಮ ಅನುಭವಕ್ಕೆ ತಕ್ಕಂತೆ ಭಾಗಶಃ ಒಪ್ಪಬಹುದು, ಇಲ್ಲವೇ ಅದಕ್ಕೆ ವಿರುದ್ಧವಾಗಿಯೇ ಗ್ರಹಿಸಬಹುದು. ಆದ್ದರಿಂದ ನಿಮ್ಮ ಪ್ರಬಂಧದಲ್ಲಿ ‘ಚಿತ್ರದ ಸಂದೇಶ ಇದೇ’ ಎಂದು ಬರೆಯುವ ಬದಲು ಮಾತಿಗೂ ಕಥೆಗೂ ನಡುವಿನ ಬಿರುಕನ್ನೇ ವಿಷಯವಾಗಿಸಿಕೊಳ್ಳಿ, ಪ್ರತಿ ವಾದಕ್ಕೂ ಒಂದು ನಿರ್ದಿಷ್ಟ ದೃಶ್ಯವನ್ನು ಆಧಾರವಾಗಿ ಕೊಡಿ.