ಕಂದು ಕವರ್ ಬಂದರೆ ಅವತ್ತೇ ಒಡೆದು ನೋಡಿ

ಇಂಗ್ಲೆಂಡಿಗೆ ಬಂದು ಆರು ವಾರ ಆಯ್ತು, ಬಾಡಿಗೆಗೆ ಒಂದು ತಾರೀಖು, ಕರೆಂಟಿಗೆ ಇನ್ನೊಂದು, ಕೌನ್ಸಿಲ್ ಟ್ಯಾಕ್ಸ್‌ಗೆ (ವಾಸದ ಮನೆಗೆ ಸ್ಥಳೀಯ ಆಡಳಿತಕ್ಕೆ ಕಟ್ಟುವ ತೆರಿಗೆ) ಮತ್ತೊಂದು, ಹೇಗೆ ನೆನಪಿಟ್ಟುಕೊಳ್ಳುವುದು, ಡೈರೆಕ್ಟ್ ಡೆಬಿಟ್ ಕೊಟ್ಟರೆ, ಅಂದರೆ ಬಿಲ್ಲಿನ ದುಡ್ಡನ್ನು ಅವರೇ ಖಾತೆಯಿಂದ ತೆಗೆದುಕೊಳ್ಳಲು ಒಪ್ಪಿಗೆ ಕೊಟ್ಟರೆ, ಜಾಸ್ತಿ ಎಳೆದುಕೊಂಡು ಬಿಟ್ಟರೆ ಏನು ಗತಿ ಅಂತ ಕೇಳಿದ್ದೀರಿ. 2009ರ ಮಾರ್ಚಿನಲ್ಲಿ ಬಂದಾಗ ನನಗೂ ಇದೇ ಭಯ ಇತ್ತು. ಆ ಭಯದಿಂದಲೇ ಪೆಟ್ಟು ತಿಂದೆ.

ಬಾಡಿಗೆಗೆ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಆರ್ಡರ್ ಹಾಕಿಬಿಡಿ, ನೀವು ಹೇಳಿದಷ್ಟು ದುಡ್ಡು ಪ್ರತಿ ತಿಂಗಳೂ ಅದೇ ತಾರೀಖಿಗೆ ತಾನಾಗೇ ಹೋಗುತ್ತದೆ. ಕರೆಂಟು, ಗ್ಯಾಸಿನ ಮೀಟರ್ ಫೋಟೋ ತೆಗೆದಿಟ್ಟುಕೊಳ್ಳಿ. ನಾನು ಮುಖ್ಯವಾಗಿ ಹೇಳಬೇಕಾದದ್ದು ಕೌನ್ಸಿಲ್ ಟ್ಯಾಕ್ಸ್ ವಿಷಯ.

ಅದನ್ನು ಸಾಮಾನ್ಯವಾಗಿ ಏಪ್ರಿಲ್‌ನಿಂದ ಜನವರಿವರೆಗೆ 10 ಕಂತಿನಲ್ಲಿ ಕಟ್ಟುತ್ತಾರೆ. ನಾನು ಡೈರೆಕ್ಟ್ ಡೆಬಿಟ್ ಕೊಡಲು ಹೆದರಿ, ಪ್ರತಿ ತಿಂಗಳೂ ನೆನಪಿಟ್ಟುಕೊಂಡು ಕೈಯಾರೆ ಕಟ್ಟುತ್ತಿದ್ದೆ. ಊರಲ್ಲಿ ಅಪ್ಪ ಮಾಡುತ್ತಿದ್ದದ್ದೂ ಹಾಗೇ ಅಲ್ವಾ, ಬಿಲ್ ಬಂದ ಮರುದಿನವೇ ಕ್ಯೂ ನಿಂತು ಕಟ್ಟಿ, ರಸೀದಿ ತಂದು ತಂತಿಗೆ ಚುಚ್ಚಿಡುತ್ತಿದ್ದರು. ಜೂನ್ ಕಂತು ಮರೆತುಹೋಯಿತು. ಕೌನ್ಸಿಲ್‌ನಿಂದ ಕಂದು ಕವರ್ ಬಂತು. ನೈಟ್ ಶಿಫ್ಟ್ ಮುಗಿಸಿ ಬಂದಿದ್ದೆ, ಭಾನುವಾರ ನೋಡೋಣ ಅಂತ ಫ್ರಿಜ್ ಮೇಲೆ ಇಟ್ಟೆ. ಮೂರು ಭಾನುವಾರ ಕಳೆದವು. ಅದರೊಳಗೆ ಇದ್ದದ್ದು 7 ದಿನದ ಗಡುವು. ಅದು ದಾಟಿದರೆ ಕಂತಿನಲ್ಲಿ ಕಟ್ಟುವ ಅವಕಾಶವೇ ಹೋಗುತ್ತದೆ, ವರ್ಷದ ಬಾಕಿ ಪೂರ್ತಿ ಒಟ್ಟಿಗೆ ಕಟ್ಟಬೇಕು. ಆಮೇಲೆ ಬಂದದ್ದು ಮ್ಯಾಜಿಸ್ಟ್ರೇಟ್ ಕೋರ್ಟಿನ ಸಮನ್ಸ್, ಅದರ ಖರ್ಚೂ ನನ್ನ ತಲೆ ಮೇಲೇ.

ಊರಲ್ಲಾದರೆ ಲೈನ್‌ಮನ್ ಬಾಗಿಲಿಗೆ ಬಂದು, "ಏನ್ ಸಾರ್, ಬಿಲ್ ಕಟ್ಟಿಲ್ವಾ, ಫ್ಯೂಸ್ ತೆಗೀಬೇಕಾ" ಅಂತ ಕೇಳುತ್ತಾನೆ. ಸಂಜೆಯೊಳಗೆ ಕಟ್ತೀವಿ ಅಂದರೆ ಹೋಗುತ್ತಾನೆ. ಇಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ. ಕಾಗದ ಬಂತು ಅಂದರೆ ಹೇಳಿದ ಹಾಗೇ ಲೆಕ್ಕ.

ದೀಪಾವಳಿಗೆ ಊರಿಗೆ ಹೋಗಲು ಕೂಡಿಟ್ಟಿದ್ದ ಟಿಕೆಟ್ ದುಡ್ಡು ಅದಕ್ಕೇ ಹೋಯಿತು. ಒಂದು ಬಿಲ್ಲನ್ನೂ ತಡ ಮಾಡದ ಅಪ್ಪನಿಗೆ, ಕೋರ್ಟಿನ ಕಾಗದ ಬಂದಿದೆ ಅಂತ ಹೇಳಲು ಬಾಯಿ ಬರಲಿಲ್ಲ. ರಜೆ ಸಿಗಲಿಲ್ಲ ಅಂದೆ. "ಆಗಲಿ ಬಿಡು, ಕೆಲಸ ಮೊದಲು" ಅಂದರು. ಆ ಮಾತು ನೆನೆದರೆ ಇವತ್ತಿಗೂ ಸಂಕಟ ಆಗುತ್ತದೆ.

ಅದಕ್ಕೇ ಹೇಳುತ್ತೇನೆ, ಡೈರೆಕ್ಟ್ ಡೆಬಿಟ್‌ಗೆ ಹೆದರಬೇಡಿ. ತಪ್ಪಾಗಿ ಜಾಸ್ತಿ ಎಳೆದರೆ ನಿಮ್ಮ ಬ್ಯಾಂಕ್ ಆ ದುಡ್ಡು ವಾಪಸ್ ಕೊಡಲೇಬೇಕು, ಬೇಡ ಅನಿಸಿದ ದಿನ ನೀವೇ ನಿಲ್ಲಿಸಬಹುದು. ಸಂಬಳ ಬಂದ ಮೇಲಿನ ತಾರೀಖು ಕೇಳಿ ಹಾಕಿಸಿಕೊಳ್ಳಿ, ಆ ದಿನ ಖಾತೆಯಲ್ಲಿ ದುಡ್ಡು ಇರಲಿ. ಕೈ ಬಿಗಿಯಾಗಿದ್ದರೆ ತಾರೀಖಿಗೆ ಮೊದಲೇ ಕೌನ್ಸಿಲ್ ಆಫೀಸಿಗೆ ಫೋನ್ ಮಾಡಿ, ಸಂಕೋಚ ಬೇಡ. ಮನೆಯಲ್ಲಿ ನೀವೊಬ್ಬರೇ ಇದ್ದರೆ ಕೌನ್ಸಿಲ್ ಟ್ಯಾಕ್ಸಿನಲ್ಲಿ 25% ರಿಯಾಯಿತಿ ಇದೆ, ಅದಕ್ಕೆ ನೀವೇ ಅರ್ಜಿ ಹಾಕಬೇಕು.

10 ಕಂತಿನ ಲೆಕ್ಕದಲ್ಲಿ ಫೆಬ್ರವರಿ, ಮಾರ್ಚ್ ಕಟ್ಟುವುದು ಇರುವುದಿಲ್ಲ. ಆ ಎರಡು ತಿಂಗಳ ದುಡ್ಡನ್ನು ಟಿಕೆಟ್‌ಗೆ ಎತ್ತಿಡಿ. ನಾನು ಯುಗಾದಿಗೆ ಊರಿಗೆ ಹೋಗುವಾಗ ಆ ದುಡ್ಡೇ ಕೈಗೆ ಬರುವುದು.